ಮಾಗಿಯ ಬಯಲು, ಎರಡು ಸೈಕಲ್

ಚಿತ್ರದುರ್ಗದ ಬಯಲಿನಲ್ಲಿ ಸೈಕಲ್ ತುಳಿಯುವವರಿಗೆ ವರ್ಷದ ಕಾಲಗಳೆಲ್ಲ ಒಂದೇ ಬಗೆಯವಲ್ಲ. ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಒಂಬತ್ತಕ್ಕೇ ಡಾಂಬರು ಕಾದು ದಾರಿಯ ಮೇಲೆ ಬಿಸಿಲ್ಗುದುರೆ ಕಾಣತೊಡಗುತ್ತದೆ; ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರಿನ ತಿಂಗಳುಗಳಲ್ಲಿ ಮಳೆ ಬಂದರೂ ಬಾರದಿದ್ದರೂ ಪಡುವಣ ಗಾಳಿ ಮಾತ್ರ ತಪ್ಪದೆ ಬೀಸಿ, ಊರಿನ ಸುತ್ತಲ ಬೆಟ್ಟಸಾಲುಗಳ ಮೇಲೆ ಜನರು ಫ್ಯಾನುಗಳೆಂದೇ ಕರೆಯುವ ಗಾಳಿಯಂತ್ರಗಳನ್ನು ಹಗಲಿರುಳು ತಿರುಗಿಸುವ ಅದೇ ಬಲದಿಂದ ಸವಾರನನ್ನು ರಸ್ತೆಯ ಅಂಚಿಗೆ ನೂಕುತ್ತದೆ. ಈ ಎರಡರ ಕಾಟವೂ ಇಲ್ಲದ ಕಾಲವೆಂದರೆ ಮಾಗಿ. ಕಾರ್ತಿಕ ಕಳೆದು ಮಾರ್ಗಶಿರ ಹಿಡಿದಲ್ಲಿಂದ ಮಾಘದ ತೇರುಗಳವರೆಗೆ, ಅಂದರೆ ಸುಮಾರಾಗಿ ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ನೆಲೆಸುವ ಚಳಿಗಾಲಕ್ಕೆ ಇಲ್ಲಿ ಸಲ್ಲುವ ಹೆಸರು ಇದು. ಆ ದಿನಗಳಲ್ಲಿ ಬೆಳಗಿನ ಉಷ್ಣತೆ 15ರಿಂದ 18 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ, ಜನವರಿಯಲ್ಲಿ ಹೊತ್ತು ಮೂಡುವಾಗ ಗಂಟೆ 6:45ರ ಹತ್ತಿರವಾಗಿರುತ್ತದೆ, ಮತ್ತು ಬಿಸಿಲು ಹತ್ತೂವರೆಯವರೆಗೂ ಮೈಗೆ ಹಿತವಾಗಿಯೇ ಇರುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಬಂತೆಂದರೆ ಸೈಕಲ್ ಒಳಗಿಡುವ ಮಾತು ಬರುತ್ತದೆ. ಬಯಲುಸೀಮೆಯಲ್ಲಿ ಅದೇ ಕಾಲ ಸೈಕಲ್ಲನ್ನು ಹೊರಗೆ ತೆಗೆಯುವ ಕಾಲ, ಮಗುವೊಂದನ್ನು ದಾರಿಗೆ ಕರೆತರಲು ಎಲ್ಲಕ್ಕಿಂತ ಹದವಾದ ಕಾಲ.

ಈ ಬರಹದ ಹಿಂದಿರುವ ನೆನಪುಗಳು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೆಳೆದು ಮುಂದೆ ಚಿತ್ರದುರ್ಗದಲ್ಲಿ ನೆಲೆಸಿದ ಒಬ್ಬ ತಂದೆಗೂ ಅವನ ಮಗಳಿಗೂ ಸೇರಿದವು. 2010ರ ಆಚೀಚೆ ಶುರುವಾಗಿ 2025ರ ಜನವರಿಯವರೆಗೆ, ಮಾಗಿಯಿಂದ ಮಾಗಿಗೆ ಬೆಳೆದ ಜೊತೆಸವಾರಿಯ ನೆನಪುಗಳು. ಅವುಗಳನ್ನು ಇಲ್ಲಿ ಮನೆಯ ಕಥೆಯಾಗಿ ಹೇಳುವುದಕ್ಕಿಂತ ಅವುಗಳಿಂದ ತಿಳಿದುಬಂದ ಒಂದು ಸಂಗತಿಯನ್ನು ವಿವರಿಸುವುದೇ ಉದ್ದೇಶ. ಸೈಕಲ್ಲಿನ ಮೇಲೆ ಸಮತೋಲ ಕಂಡುಕೊಳ್ಳುವುದು ಮಗುವಿನದೇ ಕೆಲಸ, ಅದನ್ನು ಇನ್ನೊಬ್ಬರು ಮಾಡಿಕೊಡಲಾರರು. ಹಿರಿಯರ ಕೈಯಲ್ಲಿ ಕೊಡುವುದಕ್ಕೆ ಇರುವುದು ದಾರಿಯ ತಿಳಿವಳಿಕೆ. ಎಲ್ಲಿ ನಿಧಾನಿಸಬೇಕು, ಯಾವುದನ್ನು ಮುಂದೆ ಬಿಡಬೇಕು, ಎಲ್ಲಿಂದ ಹಿಂದಿರುಗಬೇಕು ಎಂಬ ಆ ತಿಳಿವಳಿಕೆ ಬಾಯಿಮಾತಿನಲ್ಲಿ ಹೇಳಿ ಮುಗಿಸುವಂಥದಲ್ಲ, ಜೊತೆಯಲ್ಲಿ ಸಾಗುತ್ತ ಸಾಗುತ್ತ ಒಬ್ಬರಿಂದ ಒಬ್ಬರಿಗೆ ದಾಟುವಂಥದು.

ದಾರಿಗಳ ಪರಿಚಯವಿಲ್ಲದೆ ಈ ಮಾತು ಸ್ಪಷ್ಟವಾಗುವುದಿಲ್ಲ. ಚಿತ್ರದುರ್ಗವು ಬಂಡೆಬೆಟ್ಟಗಳ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿರುವ ಊರು. ಅಲ್ಲಿಂದ ಆಗ್ನೇಯಕ್ಕೆ, ಬೆಂಗಳೂರಿನ ಹೆದ್ದಾರಿಯಲ್ಲಿ ಐಮಂಗಲವನ್ನು ಹಾದು ಸುಮಾರು 40 ಕಿ.ಮೀ. ಹೋದರೆ ವೇದಾವತಿಯ ದಡದ ಹಿರಿಯೂರು ಸಿಗುತ್ತದೆ, ಆ ದಿಕ್ಕಿಗೆ ನೆಲ ಒಟ್ಟಾರೆ ಇಳಿಯುತ್ತ ಹೋಗುತ್ತದೆ. ನೈರುತ್ಯಕ್ಕೆ ಮೂವತ್ತು ಕಿ.ಮೀ.ಗೆ ಮೇಲ್ಪಟ್ಟ ದೂರದಲ್ಲಿ ಹೊಳಲ್ಕೆರೆ ಇದೆ. ಅತ್ತ ಸಾಗಿದಂತೆ ಮೆಕ್ಕೆಜೋಳ, ಶೇಂಗಾ, ರಾಗಿಯ ಹೊಲಗಳ ನಡುವೆ ಅಡಿಕೆ ತೋಟಗಳು ತಲೆಯೆತ್ತುತ್ತವೆ. ಹೊಳಲ್ಕೆರೆಯಿಂದ ತೆಂಕಣಕ್ಕೆ ತಿರುಗಿದರೆ ತೆಂಗು ಅಡಿಕೆಗಳ ಹೊಸದುರ್ಗ, ಅಲ್ಲಿಂದ ಪೂರ್ವಕ್ಕೆ ಮತ್ತೋಡಿನ ಸೀಮೆ ಮತ್ತು ವಾಣಿವಿಲಾಸ ಸಾಗರದ ಹಿನ್ನೀರು. ವೇದಾವತಿಯು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕೂಡಿ ಆದ ನದಿ. ಹೊಸದುರ್ಗದ ಬಳಿಯ ಕೆಲ್ಲೋಡನ್ನು ದಾಟಿ ಬಂದ ಅದನ್ನು ಮಾರಿಕಣಿವೆ ಎಂಬ ಬೆಟ್ಟದ ಸಂದಿಯಲ್ಲಿ ಮೈಸೂರು ಸಂಸ್ಥಾನದವರು 1898ರಿಂದ 1907ರವರೆಗೆ ಕಟ್ಟೆ ಕಟ್ಟಿ ನಿಲ್ಲಿಸಿದ್ದರಿಂದ ಆದದ್ದೇ ಈ ವಾಣಿವಿಲಾಸ ಸಾಗರ. ನಾಲ್ಕೂ ಊರುಗಳನ್ನು ಸೇರಿಸುವ ಈ ದಾರಿಗಳಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡವರು, ಅಂಚೆಯವರು, ಮೇಷ್ಟ್ರುಗಳು, ಹೋಬಳಿ ಹೈಸ್ಕೂಲಿಗೆ ಹೋಗುವ ಮಕ್ಕಳು ಬಹುಕಾಲ ಸೈಕಲ್ಲನ್ನೇ ನಂಬಿದ್ದರು.

ಆ ಕಾಲದಲ್ಲಿ ಮಕ್ಕಳು ಸೈಕಲ್ ಕಲಿತ ಬಗೆಯಲ್ಲಿ ಹಿರಿಯರಿಗೆ ಜಾಗವೇ ಇರಲಿಲ್ಲವೆನ್ನಬಹುದು. 1970 ಮತ್ತು 80ರ ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಸುತ್ತಮುತ್ತ ಸೈಕಲ್ ಶಾಪುಗಳಿದ್ದು, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುತ್ತಿದ್ದವು. ಹೆಸರು ಮತ್ತು ಹೊರಟ ವೇಳೆಯನ್ನು ನೋಟುಬುಕ್ಕಿನಲ್ಲಿ ಬರೆಸಿ, ಕೂಡಿಟ್ಟ ಚಿಲ್ಲರೆ ಕೊಟ್ಟು, ತಮಗಿಂತ ದೊಡ್ಡದಾದ ಸೈಕಲ್ಲನ್ನು ಹುಡುಗರು ತಳ್ಳಿಕೊಂಡು ಹೋಗುತ್ತಿದ್ದರು. ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಹೆಸರಿನ ಆ ಸೈಕಲ್ಲುಗಳು ದೊಡ್ಡವರ ಅಳತೆಗೆ ಆದವು, ಚಕ್ರ 28 ಇಂಚಿನದು, ಸೀಟು ಮತ್ತು ಹ್ಯಾಂಡಲ್ಲಿನ ನಡುವೆ ಅಡ್ಡ ಬಾರು. ಸೀಟಿಗೆ ಏರಿದರೆ ಕಾಲು ಪೆಡಲಿಗೆ ಎಟಕದ ಕಾರಣ ಬಾರಿನ ಅಡಿಯ ತ್ರಿಕೋನದಲ್ಲಿ ಒಂದು ಕಾಲು ತೂರಿಸಿ, ಮೈಯನ್ನು ಒಂದು ಮಗ್ಗುಲಿಗೆ ವಾಲಿಸಿ, ಅರ್ಧ ಪೆಡಲು ಹೊಡೆಯುತ್ತ ಕಲಿಯಬೇಕಾಗುತ್ತಿತ್ತು. ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದ, ರಾತ್ರಿ ಡೈನಮೊ ದೀಪವಿಲ್ಲದೆ ಹೋದವರನ್ನೂ ಡಬಲ್ ರೈಡ್ ಮಾಡಿದವರನ್ನೂ ಪೊಲೀಸರು ತಡೆದು ನಿಲ್ಲಿಸುತ್ತಿದ್ದ ದಿನಗಳ ನೆನಪು ಆ ಪೀಳಿಗೆಯವರಿಗೆ ಇನ್ನೂ ಇದೆ. ಕಲಿಕೆಯೆಲ್ಲ ಓರಗೆಯವರ ನಡುವೆಯೇ ನಡೆಯಿತು, ಹೆಣ್ಣುಮಕ್ಕಳು ಹೆಚ್ಚಾಗಿ ಅದರ ಹೊರಗುಳಿದರು, ಮತ್ತು ರಸ್ತೆಯಲ್ಲಿ ವಾಹನ ಕಡಿಮೆಯಿದ್ದುದರಿಂದ ದಾರಿಯ ತಿಳಿವಳಿಕೆಯನ್ನು ಒಬ್ಬೊಬ್ಬರೂ ತಮ್ಮಷ್ಟಕ್ಕೆ ಸಂಪಾದಿಸಿಕೊಳ್ಳುವುದಕ್ಕೆ ಅವಕಾಶವಿತ್ತು. ತಂದೆಯೂ ಹಾಗೆಯೇ ಕಲಿತವನು. ಆದರೆ ಮಗಳ ಕಾಲಕ್ಕೆ ಅದೇ ಊರುಗಳ ನಡುವೆ ಟಿಪ್ಪರ್, ಲಾರಿ, ಬೈಕುಗಳು ತುಂಬಿಕೊಂಡವು. ತಾನಾಗಿ ಕಲಿಯಲು ಬಿಡುವಷ್ಟು ತಾಳ್ಮೆ ಈಗಿನ ರಸ್ತೆಗೆ ಉಳಿದಿಲ್ಲ, ಆದ್ದರಿಂದ ಹಿಂದಿನವರಿಗೆ ಬೇಕಾಗದೆ ಹೋದ ಜೊತೆ ಈಗಿನ ಮಗುವಿಗೆ ಅಗತ್ಯವಾಯಿತು.

ಜೊತೆಸವಾರಿಯ ಮೊದಲ ಘಟ್ಟದಲ್ಲಿ ಸೈಕಲ್ ಒಂದೇ. ತಂದೆಯ ಸೈಕಲ್ಲಿನ ಬಾರಿಗೆ ಬೋಲ್ಟು ಹಾಕಿ ಕೂಡಿಸಿದ ಪುಟ್ಟ ಸೀಟಿನಲ್ಲಿ, ಹ್ಯಾಂಡಲ್ಲಿನ ನಡುಭಾಗ ಹಿಡಿದು ಮಗಳು ಕೂರುತ್ತಿದ್ದಳು. ಚಳಿಗಾಲದಲ್ಲಿ ಹೀಗೆ ಮಗುವನ್ನು ಮುಂದೆ ಕೂರಿಸಿಕೊಳ್ಳುವವರು ಅರಿತಿರಬೇಕಾದ ಸಂಗತಿಯೊಂದಿದೆ: ಒಂದೇ ಸೈಕಲ್ಲಿನ ಮೇಲಿದ್ದರೂ ಇಬ್ಬರಿಗೂ ತಾಗುವ ಚಳಿ ಒಂದೇ ಅಲ್ಲ. ಪೆಡಲ್ ತುಳಿಯುವವನ ಸ್ನಾಯುಗಳು ಶಾಖ ಹುಟ್ಟಿಸುತ್ತವೆ, ಎರಡು ಕಿ.ಮೀ. ಕಳೆಯುವುದರೊಳಗೆ ಅವನು ಸ್ವೆಟರ್ ಬಿಚ್ಚುವಂತಾಗುತ್ತದೆ. ಸುಮ್ಮನೆ ಕೂತ ಮಗುವಿಗೆ ಆ ಶಾಖವಿಲ್ಲ, ಎದುರುಗಾಳಿಯೂ ಮೊದಲು ಬಡಿಯುವುದು ಅದಕ್ಕೇ. ಇದರ ಜೊತೆಗೆ ತೂಕಕ್ಕೆ ಹೋಲಿಸಿದರೆ ಮಗುವಿನ ಮೈಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚಾದ್ದರಿಂದ ಮೈ ಬೇಗ ತಣಿಯುತ್ತದೆ. ಆದ್ದರಿಂದ ತುಳಿಯುವವನ ಮೈ ಹೇಳುವ ಮಾತನ್ನು ನಂಬದೆ ಮಗುವಿನ ಬೆರಳು ಮುಟ್ಟಿ, ಕಿವಿ ಮುಟ್ಟಿ ನೋಡುವುದು ಅಭ್ಯಾಸವಾಗಬೇಕು. ಕುಲಾವಿ, ಅದರ ಮೇಲೊಂದು ಮಫ್ಲರ್, ಕೈಗೆ ಉಣ್ಣೆಯ ಚೀಲ, ಮೊಣಕಾಲ ಮೇಲೆ ಮಡಿಸಿ ಹೊದಿಸಿದ ಕಂಬಳಿಯ ತುಂಡು, ಇಷ್ಟಿದ್ದರೆ ಈ ಸೀಮೆಯ ಚಳಿಗೆ ಸಾಕಾಗುತ್ತಿತ್ತು. ಕಂಬಳಿಗೆ ಚಿತ್ರದುರ್ಗ ಜಿಲ್ಲೆ, ಅದರಲ್ಲೂ ಚಳ್ಳಕೆರೆಯ ಕಡೆ, ಹಿಂದಿನಿಂದ ಹೆಸರಾದದ್ದು. ಕುರಿಯ ಉಣ್ಣೆಯ ಎಳೆಗಳ ನಡುವೆ ಗಾಳಿ ಸೆರೆಯಾಗಿ ನಿಲ್ಲುವುದರಿಂದ ಇಬ್ಬನಿ ತಾಗಿ ತೇವವಾದರೂ ಅದು ಬೆಚ್ಚಗಿಡುತ್ತದೆ, ಹತ್ತಿಬಟ್ಟೆ ತೇವವಾದರೆ ಮೈಯ ಬಿಸಿಯನ್ನೇ ಹೀರುತ್ತದೆ.

ಬಾರಿನ ಮೇಲಿನ ಆ ಸೀಟು ಮಗುವಿಗೆ ನೆಲದ ಮೊದಲ ಪಾಠಶಾಲೆಯಾಯಿತು. ಹೊಳಲ್ಕೆರೆಯ ದಾರಿಯಲ್ಲಿ ದಿಣ್ಣೆ ಇಳಿದು ಕೆರೆಯ ಅಂಗಳದ ಮಗ್ಗುಲಿಗೋ ಅಡಿಕೆ ತೋಟದ ಅಂಚಿಗೋ ಬಂದಕೂಡಲೇ ಚಳಿ ಒಮ್ಮೆಲೇ ಹೆಚ್ಚುತ್ತದೆ, ಮತ್ತೆ ದಿಣ್ಣೆ ಏರಿದರೆ ಕಡಿಮೆಯಾಗುತ್ತದೆ. ತಣ್ಣನೆಯ ಗಾಳಿ ಬಿಸಿಗಾಳಿಗಿಂತ ಭಾರವಾದ್ದರಿಂದ ಇರುಳಿಡೀ ಅದು ತಗ್ಗಿಗೆ ಹರಿದುಬಂದು ಅಲ್ಲಿಯೇ ನಿಂತಿರುವುದು ಇದಕ್ಕೆ ಕಾರಣ. ಬಸ್ಸಿನಲ್ಲೋ ಕಾರಿನಲ್ಲೋ ಹೋಗುವವರಿಗೆ ತಿಳಿಯದ ಈ ಏರಿಳಿತವನ್ನು ಮಗಳು ಅಕ್ಷರ ಕಲಿಯುವ ಮೊದಲೇ ಮೈಯಿಂದ ಗುರುತಿಸತೊಡಗಿದಳು. ಚಳಿ ತಾಗಿತೆಂದರೆ ನೀರು ಹತ್ತಿರವಿದೆ ಎಂದು ಅವಳೇ ಹೇಳುವಂತಾಯಿತು. ವರ್ಷಕ್ಕೆ ಸರಾಸರಿ ಸುಮಾರು 600 ಮಿ.ಮೀ. ಮಳೆಯನ್ನು ನಂಬಿ ಕೆರೆಗಳನ್ನು ಕಟ್ಟಿಕೊಂಡ ಸೀಮೆಯಲ್ಲಿ ನೀರಿರುವ ತಾಣವನ್ನು ಗುರುತಿಸುವುದು ಸಣ್ಣ ಅರಿವೇನಲ್ಲ. ಹೊಲಗಳ ಅಂಚಿನಲ್ಲಿ ಸೊನೆ ತುಂಬಿದ ಅವರೆಯ ವಾಸನೆ, ಕಡಲೆ ಹೊಲದ ಹುಳಿ ಇಬ್ಬನಿ, ಬಂಡೆಯ ಮೇಲೆ ಬಿಸಿಲು ಕಾಯಿಸುವ ಓತಿಕೇತ, ಹಟ್ಟಿಯಿಂದ ಹೊರಟ ಕುರಿಮಂದೆ ದಾರಿ ದಾಟಿ ಮುಗಿಯುವವರೆಗೆ ನಿಲ್ಲಬೇಕಾದ ಹೊತ್ತು, ಇವೆಲ್ಲ ಅದೇ ಪಾಠದ ಭಾಗಗಳು.

ಡಿಸೆಂಬರ್ ಹೊತ್ತಿಗೆ ಕಾಣುವ ಇನ್ನೊಂದು ನೋಟವೂ ಆ ಸೀಟಿನಿಂದಲೇ ಪರಿಚಯವಾಯಿತು. ಕಣ ಮಾಡುವ ರೂಢಿ ಕಡಿಮೆಯಾದ ಮೇಲೆ ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ, ಹಾದುಹೋಗುವ ವಾಹನಗಳ ಗಾಲಿಯಿಂದ ಒಕ್ಕಣೆ ಮಾಡಿಸುವುದು ಬಯಲುಸೀಮೆಯ ಹಲವೆಡೆ ಕಾಣುತ್ತದೆ. ಒಕ್ಕಣೆಯೆಂದರೆ ತೆನೆಯಿಂದ ಕಾಳು ಬಿಡಿಸುವ ಕೆಲಸ. ಲಾರಿಗೆ ಲೆಕ್ಕಕ್ಕಿಲ್ಲದ ಆ ಹುಲ್ಲಿನ ಹಾಸಿಗೆ ಸೈಕಲ್ಲಿಗೆ ಅಪಾಯದ್ದು. ಗಾಲಿ ಜಾರುತ್ತದೆ, ಹುಲ್ಲಿನ ಎಳೆ ಚೈನಿಗೂ ಫ್ರೀವೀಲಿಗೂ ಸುತ್ತಿಕೊಳ್ಳುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಕ್ರಮ. ಇಳಿದವರು ಕಾಳು ತೂರುತ್ತಿರುವವರೊಡನೆ ನಾಲ್ಕು ಮಾತಾಡುವುದೂ ಆಗುತ್ತದೆ, ಬಿತ್ತಿದ್ದು ಯಾವಾಗ, ಮಳೆ ಕೈಕೊಟ್ಟದ್ದು ಎಲ್ಲಿ ಎಂಬುದು ತಿಳಿಯುತ್ತದೆ. ಇಳಿಯುವುದು ಸೋಲಲ್ಲ, ಸವಾರಿಯ ಒಂದು ಭಾಗ ಎಂಬ ತಿಳಿವಳಿಕೆ ಮಗುವಿಗೆ ಮೊದಲು ಬರುವುದು ಹಿರಿಯರು ಸಂಕೋಚವಿಲ್ಲದೆ ಇಳಿಯುವುದನ್ನು ನೋಡಿ.

ಎರಡನೆಯ ಘಟ್ಟ ಮಗುವಿನ ಸ್ವಂತ ಸೈಕಲ್ಲಿನದು. ಇಲ್ಲಿ ಸಮತೋಲದ ಬಗೆಗೆ ಸ್ವಲ್ಪ ವಿವರಣೆ ಬೇಕು. ನಿಂತ ಸೈಕಲ್ ಬೀಳುತ್ತದೆ, ಚಲಿಸುವ ಸೈಕಲ್ ಬೀಳುವುದಿಲ್ಲ. ಇದಕ್ಕೆ ಮುಖ್ಯ ಕಾರಣ, ಸವಾರನು ಯಾವ ಕಡೆಗೆ ವಾಲಿದನೋ ಅದೇ ಕಡೆಗೆ ಹ್ಯಾಂಡಲ್ಲನ್ನು ಕೊಂಚ ತಿರುಗಿಸಿ ಗಾಲಿಗಳನ್ನು ಮತ್ತೆ ತನ್ನ ತೂಕದ ಅಡಿಗೆ ತಂದುಕೊಳ್ಳುವುದು. ಸವಾರಿಯುದ್ದಕ್ಕೂ ನಡೆಯುತ್ತಲೇ ಇರುವ ಈ ತಿದ್ದುಗೆ ಅರಿವಿಗೆ ಬಾರದಷ್ಟು ಸೂಕ್ಷ್ಮವಾದದ್ದು, ಹೆದರಿದ ಮಗು ಮಾತ್ರ ಬೀಳುವ ಕಡೆಯಿಂದ ದೂರಕ್ಕೆ ತಿರುಗಿಸಲು ಹೋಗಿ ಬೀಳುತ್ತದೆ. ಹಿಂದಿನಿಂದ ಸೀಟು ಹಿಡಿದು ಓಡುವ ಹಿರಿಯರು ಸೈಕಲ್ ವಾಲದಂತೆ ತಡೆದುಬಿಡುವುದರಿಂದ, ವಾಲಿದಾಗ ಏನು ಮಾಡಬೇಕೆಂಬುದನ್ನು ಕಂಡುಕೊಳ್ಳುವ ಅವಕಾಶವೇ ಮಗುವಿಗೆ ಸಿಗುವುದಿಲ್ಲ. ಪಕ್ಕಕ್ಕೆ ಕೂಡಿಸುವ ಸಣ್ಣ ಗಾಲಿಗಳ ತೊಡಕೂ ಅದೇ. ಹೀಗಾಗಿ ಪೆಡಲುಗಳನ್ನು ಸ್ಪ್ಯಾನರಿನಿಂದ ಬಿಚ್ಚಿಟ್ಟು, ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟನ್ನು ಇಳಿಸಿ, ನೆಲವನ್ನು ಕಾಲಿನಿಂದ ನೂಕುತ್ತ ಸಾಗಲು ಬಿಡುವ ಕ್ರಮವನ್ನು ತಂದೆ ಆರಿಸಿಕೊಂಡ. ಇದು ಹೊಸ ಉಪಾಯವೂ ಅಲ್ಲ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾಡಿ ತೋರಿಸಿದ ಎರಡು ಗಾಲಿಯ ವಾಹನಕ್ಕೆ ಪೆಡಲೇ ಇರಲಿಲ್ಲ. ಮನುಷ್ಯರು ಎರಡು ಗಾಲಿಗಳ ಮೇಲೆ ನಿಲ್ಲಲು ಕಲಿತದ್ದು ಮೊದಲು, ತುಳಿಯಲು ಕಲಿತದ್ದು ಅನಂತರ.

ಮಾಗಿಯಲ್ಲಿ ಶಾಲೆಯ ಮೈದಾನಗಳ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಕೆಸರಿಲ್ಲ, ಮಳೆಗಾಲದ ಹುಲ್ಲೂ ಬತ್ತಿರುತ್ತದೆ. ದಪ್ಪ ಬಟ್ಟೆ ತೊಟ್ಟ ಮಗುವಿಗೆ ಬಿದ್ದರೂ ಮೊಣಕೈ ಅಷ್ಟಾಗಿ ತರಚುವುದಿಲ್ಲ. ಅಂಥ ಮೈದಾನವೊಂದರಲ್ಲಿ ತಂದೆ ಮಾಡಿದ ಕೆಲಸವೆಂದರೆ ಅಂಚಿನಲ್ಲಿ ನಿಂತು ಕಾಯುವುದು. ಮಗಳು ಕಾಲೆತ್ತಿಕೊಂಡು ಉರುಳುವ ದೂರ ದಿನದಿನಕ್ಕೆ ಹೆಚ್ಚಾಯಿತು, ಪೆಡಲುಗಳನ್ನು ಮತ್ತೆ ಕೂಡಿಸಿದಾಗ ಅವಳಿಗೆ ಹೊಸದಾಗಿ ಕಲಿಯಬೇಕಾದ್ದು ತುಳಿಯುವುದೊಂದೇ ಆಗಿತ್ತು. ಇದೇ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ ಯೋಗ ಮತ್ತು ವ್ಯಾಯಾಮಗಳನ್ನು ಹಳ್ಳಿಯ ಮಕ್ಕಳಿಗೆ ಮುಟ್ಟಿಸಿದ ರಾಘವೇಂದ್ರ ಸ್ವಾಮೀಜಿಯವರ ದುಡಿಮೆಯಿಂದಾಗಿ, ನಸುಕಿನಲ್ಲಿ ಎದ್ದು ಮೈ ದುಡಿಸುವುದು ವಿದ್ಯೆಯ ಭಾಗವೆಂಬ ಭಾವನೆ ಈ ಸೀಮೆಯ ಮನೆಗಳಿಗೆ ಅಪರಿಚಿತವಲ್ಲ. ಚಳಿಯಲ್ಲಿ ಮಗುವನ್ನು ಏಕೆ ಎಬ್ಬಿಸುತ್ತೀ ಎಂದು ಮನೆಯ ಅಜ್ಜಿ ಆಕ್ಷೇಪಿಸದೆ ಹೋದದ್ದಕ್ಕೆ ಆ ಪರಂಪರೆಯ ನೆರಳೂ ಕಾರಣವಾಗಿರಬೇಕು.

ಮೂರನೆಯ ಘಟ್ಟ, ಅಂದರೆ ಎರಡು ಸೈಕಲ್ಲುಗಳು ಒಟ್ಟಿಗೆ ರಸ್ತೆಗೆ ಇಳಿಯುವುದು, ಎಲ್ಲಕ್ಕಿಂತ ದೀರ್ಘವಾದದ್ದು ಮತ್ತು ಹಿರಿಯರಿಂದ ಹೆಚ್ಚು ಬೇಡುವಂಥದು. ಮಗುವಿಗೆ ದಾರಿ ತೋರಿಸಬೇಕಾದವರು ಮುಂದಿರಬೇಕೆಂದು ಮೊದಲ ನೋಟಕ್ಕೆ ತೋರುತ್ತದೆ. ಮುಂದಿರುವವರಿಗೆ ಮಗು ಕಾಣುವುದಿಲ್ಲ, ಅದನ್ನು ನೋಡಲು ತಿರುಗಿದರೆ ರಸ್ತೆ ಕಾಣುವುದಿಲ್ಲ, ಅರಿವಿಲ್ಲದೆ ವೇಗವೂ ಹೆಚ್ಚುತ್ತದೆ. ಹಿಂದೆ, ಮಗುವಿಗಿಂತ ತುಸು ಬಲಕ್ಕೆ ಇದ್ದರೆ ಹಿಂದಿನಿಂದ ಬರುವ ವಾಹನ ಮೊದಲು ಕಾಣುವುದು ದೊಡ್ಡ ಸೈಕಲ್ಲನ್ನು. ಅದನ್ನು ಬಳಸಿ ಹೋಗುವ ವಾಹನ ಮಗುವಿಗೂ ಜಾಗ ಬಿಟ್ಟೇ ಹೋಗುತ್ತದೆ. ಮಾತೂ ಹಿಂದಿನಿಂದ ಮುಂದಕ್ಕೆ ಚೆನ್ನಾಗಿ ಕೇಳುತ್ತದೆ. ಲಾರಿ ಬರುತ್ತಿದೆ, ಎಡಕ್ಕೇ ಇರು, ಹ್ಯಾಂಡಲ್ ಅಲುಗಿಸಬೇಡ, ಮುಂದೆ ಗುಂಡಿ, ಇಷ್ಟೇ ಚಿಕ್ಕ ಮಾತುಗಳು, ಅದೂ ಒಂದೇ ದನಿಯಲ್ಲಿ, ಕೂಗಾಟವಿಲ್ಲದೆ. ವೇಗವನ್ನು ನಿಗದಿ ಮಾಡುವುದು ಚಿಕ್ಕ ಗಾಲಿ. ಗೇರಿನ ಅನುಪಾತ ಒಂದೇ ಇದ್ದರೆ 28 ಇಂಚಿನ ಚಕ್ರ 10 ಸುತ್ತು ಪೆಡಲಿಗೆ ಹೋಗುವ ದೂರವನ್ನು 20 ಇಂಚಿನ ಚಕ್ರ ಕ್ರಮಿಸಲು 14 ಸುತ್ತು ತುಳಿಯಬೇಕು. ಮಗು ಹಿಂದೆ ಬೀಳುವುದು ಸೋಮಾರಿತನದಿಂದಲ್ಲ, ಲೆಕ್ಕದಿಂದ. ನಾಲ್ಕು ಪಥದ ಹೆದ್ದಾರಿಯನ್ನು ಮಗಳು ಹೈಸ್ಕೂಲು ಮುಗಿಸುವವರೆಗೂ ಇವರು ಬಳಸಲಿಲ್ಲ. ಸರ್ವೀಸ್ ರಸ್ತೆಗಳೂ ಹಳ್ಳಿಯಿಂದ ಹಳ್ಳಿಗೆ ಹೋಗುವ ಒಳದಾರಿಗಳೂ ಸಾಕಾದವು.

ಮಾಗಿಯ ಗಾಳಿಗೂ ಬಿಸಿಲಿಗೂ ತಮ್ಮದೇ ಕಟ್ಟಳೆಗಳಿವೆ. ಮುಂಗಾರಿನಲ್ಲಿ ಪಡುವಣದಿಂದ ಬೀಸಿದ ಗಾಳಿ ಚಳಿಗಾಲಕ್ಕೆ ಮಗ್ಗುಲು ಬದಲಿಸಿ ಮೂಡಣ ಮತ್ತು ಈಶಾನ್ಯದಿಂದ ಬರುತ್ತದೆ, ಬಲದಲ್ಲಿ ಮೃದುವಾದರೂ ಹೊತ್ತೇರಿದಂತೆ ಗಟ್ಟಿಯಾಗುತ್ತದೆ. ಗಾಳಿಯ ತಡೆ ಸವಾರನಿಗೆ ಎದುರಾಗಿ ಬರುವ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸಾಗುವವರಿಗೆ ಅಷ್ಟೇ ವೇಗದ ಎದುರುಗಾಳಿ ಸಿಕ್ಕರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ದಣಿವಿಲ್ಲದಾಗ ಎದುರುಗಾಳಿಗೆ ಹೋಗಿ ದಣಿದಾಗ ಹಿಂಗಾಳಿಯಲ್ಲಿ ಮರಳುವುದೇ ಮಗುವಿನ ಜೊತೆಗೆ ತಕ್ಕದ್ದು, ಆ ಲೆಕ್ಕದಲ್ಲಿ ಚಿತ್ರದುರ್ಗದವರು ಮಾಗಿಯಲ್ಲಿ ಹಿರಿಯೂರಿನ ದಿಕ್ಕಿಗೆ ಹೊರಡಬೇಕು. ಆದರೆ ಅದೇ ದಿಕ್ಕಿಗೆ ಬೆಳಗಿನ ಸೂರ್ಯ ಕಣ್ಣೆದುರು ತಗ್ಗಿನಲ್ಲಿರುತ್ತಾನೆ. ಹಿಂದಿನಿಂದ ಬರುವ ಚಾಲಕರ ಕಣ್ಣಿಗೂ ಅದೇ ಬಿಸಿಲು ಹೊಡೆದು, ಮುಂದಿರುವ ಸೈಕಲ್ಲುಗಳು ಕಾಣದೆ ಹೋಗುತ್ತವೆ. ಗಾಳಿ ಒಂದು ಹೇಳುತ್ತದೆ, ಬೆಳಕು ಇನ್ನೊಂದು ಹೇಳುತ್ತದೆ. ಹೊತ್ತು ಒಂದು ಮಾರುದ್ದ ಏರುವವರೆಗೆ ಕಾದು ಹೊರಡುವುದು, ಇಲ್ಲವೇ ಹೊಳಲ್ಕೆರೆಯ ಕಡೆಗೆ ಬೆನ್ನಿಗೆ ಬಿಸಿಲು ಮಾಡಿಕೊಂಡು ಹೋಗಿ, ಮರಳುವಾಗಿನ ಎದುರುಗಾಳಿಯ ಲೆಕ್ಕ ಹಿಡಿದು ಅರ್ಧ ದೂರಕ್ಕೇ ತಿರುಗುವುದು, ಹೀಗೆ ಪ್ರತಿಸಲವೂ ಮುಂಜಾನೆ ಮನೆಯಂಗಳದಲ್ಲಿ ತೀರ್ಮಾನವಾಗಬೇಕಿತ್ತು. ಮೊದಮೊದಲು ತಂದೆ ತೀರ್ಮಾನಿಸಿ ಕಾರಣ ಹೇಳುತ್ತಿದ್ದ. ಒಂದೆರಡು ಮಾಗಿಗಳು ಕಳೆದ ಮೇಲೆ ತೆಂಗಿನ ಗರಿ ಯಾವ ಕಡೆಗೆ ವಾಲುತ್ತಿದೆ ಎಂದು ನೋಡಿಬಂದು ಮಗಳೇ ಹೇಳತೊಡಗಿದಳು.

ಸೈಕಲ್ಲಿನ ಆರೈಕೆಯೂ ಜೊತೆಯ ಕೆಲಸಗಳಲ್ಲಿ ಒಂದು. ಈ ಬಯಲಿನಲ್ಲಿ ಪಂಚರ್ ಆಗುವುದಕ್ಕೆ ಮೊಳೆ ಬೇಕಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಮತ್ತು ದಾರಿಯಂಚಿನ ನೆಲದಲ್ಲಿ ಹರಡುವ ನೆಗ್ಗಿಲ ಮುಳ್ಳು ಸಾಕು, ಅದರಲ್ಲೂ ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುವ ಆಕಾರದ್ದು. ಮಳೆಗಾಲದಲ್ಲಿ ಹಸುರಾಗಿದ್ದ ಆ ಕಾಯಿಗಳು ಒಣಗಿ ಗಟ್ಟಿಯಾಗಿ ಉದುರುವುದು ಚಳಿಗಾಲದ ಹೊತ್ತಿಗೆ. ಟೈರು ಬಿಚ್ಚಿ, ಟ್ಯೂಬಿಗೆ ಗಾಳಿ ಹೊಡೆದು ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ತೂತು ಹುಡುಕಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಕಾದು ಪ್ಯಾಚ್ ಒತ್ತುವ ಕೆಲಸವನ್ನು ಮಗಳು ಪಂಚರ್ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿ ಕಲಿತಳು; ಟೈರಿನ ಒಳಮೈಯಲ್ಲಿ ಬೆರಳಾಡಿಸಿ ಮುಳ್ಳಿನ ತುದಿ ಉಳಿದಿದೆಯೇ ಎಂದು ನೋಡದೆ ಟ್ಯೂಬು ಕೂರಿಸಬಾರದೆಂಬುದನ್ನು ಅವಳಿಗೆ ಹೇಳಿಕೊಟ್ಟವರು ಆ ಅಂಗಡಿಯ ಹಿರಿಯರೇ. ಚಳಿಯಲ್ಲಿ ಟ್ಯೂಬಿನೊಳಗಿನ ಗಾಳಿ ಕುಗ್ಗಿ ಒತ್ತಡ ತುಸು ಇಳಿಯುತ್ತದೆ, ಇಬ್ಬನಿಗೆ ತೇವವಾದ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ತಕ್ಷಣ ಹಿಡಿಯುವುದಿಲ್ಲ. ಆದ್ದರಿಂದ ಹೊರಡುವ ಮೊದಲು ಟೈರು ಒತ್ತಿ ನೋಡುವುದು, ಹೊರಟ ಮೇಲೆ ಇಳಿಜಾರು ಬರುವ ಮೊದಲೇ ಒಂದೆರಡು ಸಲ ಬ್ರೇಕ್ ಹಿಡಿದು ರಿಮ್ ಒಣಗಿಸಿಕೊಳ್ಳುವುದು ನಿಯಮಗಳಾದವು. ದಾರಿಯ ನಡುವೆ ಗೂಡಂಗಡಿಯ ಚಹಾ, ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಇವು ನಿಯಮಗಳಲ್ಲದಿದ್ದರೂ ತಪ್ಪಲಿಲ್ಲ.

ಒಂದು ಮನೆಯ ಈ ಅನುಭವವನ್ನು ಇಡೀ ನಾಡಿನ ಒಂದು ದೊಡ್ಡ ಪ್ರಯತ್ನದ ಪಕ್ಕದಲ್ಲಿಟ್ಟು ನೋಡಬೇಕು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಅನೇಕ ಹಳ್ಳಿಗಳಲ್ಲಿ ಶಾಲೆ ಏಳನೆಯ ತರಗತಿಗೆ ಮುಗಿದು ಹೈಸ್ಕೂಲಿಗೆ ಬೇರೆ ಊರಿಗೆ ಹೋಗಬೇಕಾಗುತ್ತಿದ್ದುದೂ, ಆ ದೂರದ ಕಾರಣದಿಂದಲೇ ಹೆಣ್ಣುಮಕ್ಕಳ ಓದು ನಿಲ್ಲುತ್ತಿದ್ದುದೂ ಅದರ ಹಿನ್ನೆಲೆ. ಹೊಸದುರ್ಗ, ಹಿರಿಯೂರುಗಳ ಹಳ್ಳಿದಾರಿಗಳಲ್ಲಿ ಮಾಗಿಯ ಬೆಳಗ್ಗೆ ಯೂನಿಫಾರ್ಮಿನ ಮೇಲೆ ಸ್ವೆಟರ್ ತೊಟ್ಟ ಹುಡುಗಿಯರು ಸಾಲಾಗಿ ಸೈಕಲ್ಲಿನಲ್ಲಿ ಬರುವ ನೋಟ ಸಾಮಾನ್ಯವಾದದ್ದು ಆಗ. ಅವರ ತಾಯಂದಿರಲ್ಲಿ ಸೈಕಲ್ ಮುಟ್ಟಿದವರೇ ವಿರಳ. ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು. ಆ ಯೋಜನೆ ಮಾಡಿದ ಉಪಕಾರವನ್ನು ಎಷ್ಟು ಹೇಳಿದರೂ ಕಡಿಮೆ. ಅದರ ಜೊತೆಗೇ ಕಾಣುವ ಕೊರತೆಯೆಂದರೆ, ಸೈಕಲ್ ಮಗುವಿನ ಕೈಗೆ ಬಂದರೂ ರಸ್ತೆಯಲ್ಲಿ ಅದರ ಜೊತೆ ಸಾಗುವವರು ಇರಲಿಲ್ಲ. ಮಕ್ಕಳು ಗುಂಪುಗೂಡಿ ಒಬ್ಬರಿಗೊಬ್ಬರು ಆ ಜೊತೆಯನ್ನು ಕೊಟ್ಟುಕೊಂಡರು, ದೊಡ್ಡವರಿಂದ ಅದು ಬರಲಿಲ್ಲ.

ಜೊತೆಯ ಫಲ ಕಾಣಲು ವರ್ಷಗಳು ಬೇಕು. ಮಗಳು ದೊಡ್ಡವಳಾದಂತೆ ದೂರವೂ ಹೆಚ್ಚಿತು. ಐಮಂಗಲದ ಆಸುಪಾಸಿನ ಮರಡಿಹಳ್ಳಿಯಲ್ಲಿ, ಸಮುದ್ರದಡಿಯಲ್ಲಿ ಉಕ್ಕಿದ ಲಾವಾರಸ ನೀರಿಗೆ ತಾಗಿದೊಡನೆ ಉರುಟುರುಟಾಗಿ ಹೆಪ್ಪುಗಟ್ಟಿದ, ದಿಂಬು ಲಾವಾ ಎಂದು ಭೂವಿಜ್ಞಾನಿಗಳು ಕರೆಯುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷ ಹಳೆಯವಾದ ಅವುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದೆ. ತಾವು ತುಳಿದು ಬಂದ ಒಣನೆಲ ಒಂದು ಕಾಲಕ್ಕೆ ಕಡಲಾಗಿತ್ತೆಂಬುದನ್ನು ಅಲ್ಲಿ ಬಂಡೆ ಮುಟ್ಟಿ ತಿಳಿದ ಮಗಳು, ಮುಂದಿನ ಮಾಗಿಗಳಲ್ಲಿ ದಾರಿಗಳನ್ನು ತಾನೇ ಸೂಚಿಸತೊಡಗಿದಳು. ವಾಣಿವಿಲಾಸ ಸಾಗರವನ್ನು ಬರದ ವರ್ಷಗಳಲ್ಲಿ ಇಬ್ಬರೂ ನೋಡಿದ್ದರು. ಆಗ ನೀರು ದೂರ ಸರಿದು ಬಿರುಕುಬಿಟ್ಟ ಅಂಗಳವಷ್ಟೇ ಕಾಣುತ್ತಿತ್ತು. 130 ಅಡಿಯ ಆ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಹರಿದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಭದ್ರಾ ನದಿಯಿಂದ ಹರಿಸಿದ ನೀರೂ ಸೇರಿ 2025ರ ಜನವರಿಯಲ್ಲಿ ಅದು ಮೂರನೆಯ ಸಲ ಕೋಡಿ ಹರಿಯಿತು, ಅದೂ ಮಾಗಿಯ ನಟ್ಟನಡುವೆ.

ಕೋಡಿ ನೋಡಲು ಹೊರಟ ಆ ಬೆಳಗ್ಗೆ ಮಗಳು ಮುಂದಿದ್ದಳು, ತಂದೆ ಹಿಂದಿದ್ದ. ಜಲಾಶಯ ಇನ್ನೂ ಕೆಲವು ಕಿ.ಮೀ. ಇರುವಾಗಲೇ ಕಾರು, ಬೈಕು, ಟ್ರ್ಯಾಕ್ಟರುಗಳ ಸಾಲು ದಟ್ಟವಾಯಿತು, ರಸ್ತೆಯ ಎಡ ಅಂಚೂ ವಾಹನಗಳಿಗೆ ಹೋಯಿತು. ಸ್ವಲ್ಪ ದೂರ ನೋಡಿಕೊಂಡು ಹೋದ ಮಗಳು ಎಡಗೈ ಚಾಚಿ ನಿಲ್ಲುವ ಸನ್ನೆ ಮಾಡಿ ಇಳಿದಳು. "ಅಪ್ಪಾ, ಇವತ್ತು ಇಲ್ಲಿಂದಲೇ ತಿರುಗೋಣ, ಗದ್ದಲ ಇಳಿದ ಮೇಲೆ ಇನ್ನೊಂದು ದಿನ ಬರೋಣ, ನೀರೇನೂ ಓಡಿಹೋಗಲ್ಲ" ಎಂದಳು. ತಂದೆಗೆ ಕೋಡಿ ನೋಡುವ ಆಸೆ ಮಗಳಿಗಿಂತ ಹೆಚ್ಚಾಗಿಯೇ ಇತ್ತು. ಆದರೂ ಅವಳ ಮಾತಿಗೆ ಎದುರಾಡುವುದಕ್ಕೆ ಅವನಲ್ಲಿ ಕಾರಣವಿರಲಿಲ್ಲ, ಎದುರಾಡುವ ಮನಸ್ಸೂ ಬರಲಿಲ್ಲ. ಬಾರಿನ ಮೇಲೆ ಕೂತು ಚಳಿಯಿಂದ ನೀರನ್ನು ಗುರುತಿಸಿದವಳು, ತೆಂಗಿನ ಗರಿಯಿಂದ ಗಾಳಿಯನ್ನು ಓದಿದವಳು, ಈಗ ರಸ್ತೆಯನ್ನು ನೋಡಿ ಇಬ್ಬರ ಪರವಾಗಿ ತೀರ್ಮಾನ ಮಾಡಿದ್ದಳು, ಹಿಂದಿರುಗುವ ತೀರ್ಮಾನವನ್ನು ನಾಚಿಕೆಯಿಲ್ಲದೆ ಮಾಡಿದ್ದಳು. ಸೈಕಲ್ ಓಡಿಸುವುದನ್ನು ಅವಳು ಎಂದೋ ಕಲಿತಿದ್ದಳು; ದಾರಿಯನ್ನು ಕಲಿತದ್ದಕ್ಕೆ ಸಾಕ್ಷಿ ಸಿಕ್ಕಿದ್ದು ಆ ದಿನ.

ಹೀಗೆ ದಾಟಿದ ತಿಳಿವಳಿಕೆ ಒಂದು ಮನೆಯ ಸೊತ್ತಾಗಿ ಉಳಿಯಬಾರದು. ಊರಿಂದೂರಿಗೆ ಹೋಗುವ ರಸ್ತೆಗಳನ್ನು ಅಗಲ ಮಾಡುವಾಗ ಅಂಚಿನಲ್ಲಿ ಸೈಕಲ್ಲಿಗೆಂದು ಎರಡು ಮೀಟರ್ ಜಾಗ ಬಿಡುವುದು, ಹೈಸ್ಕೂಲಿನ ಮಕ್ಕಳಿಗೆ ಮತ್ತೆ ಸೈಕಲ್ ಕೊಡುವುದಾದರೆ ಒಂದು ಮಾಗಿಯ ಮಟ್ಟಿಗಾದರೂ ಮೇಷ್ಟ್ರೋ ಪೋಷಕರೋ ಜೊತೆಗೆ ಸೈಕಲ್ ತುಳಿದು ದಾರಿಯ ಪಾಠ ಹೇಳುವುದು, ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ಮನೆಗಳಲ್ಲಿ ಆಗಬೇಕಾದ್ದು ಇನ್ನೂ ಸರಳ: ಚಳಿಗಾಲದ ಬೆಳಗಿನ ಒಂದೆರಡು ಗಂಟೆಯನ್ನು ಮಗುವಿಗೆ ಕೊಟ್ಟು, ಅದರ ಗಾಲಿಯ ವೇಗಕ್ಕೆ ತಮ್ಮ ವೇಗವನ್ನು ಇಳಿಸಿಕೊಂಡು, ಹಿಂದೆ ಸಾಗಲು ಒಪ್ಪುವುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಡುವೆ ಅದಕ್ಕೆ ತಕ್ಕ ದಾರಿಗಳು ಇನ್ನೂ ಇವೆ, ತಕ್ಕ ಕಾಲ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಕಡಿಮೆ ಬಿದ್ದಿರುವುದು ಹಿರಿಯರ ಬಿಡುವು ಒಂದೇ, ಮತ್ತು ಅದನ್ನು ಮಾಡಿಕೊಳ್ಳುವುದು ಹಿರಿಯರ ಕೈಯಲ್ಲೇ ಇದೆ.